ರಾಜ್ಯ ಗೆದ್ದ ಒಂದೇ ಪ್ರಶ್ನೆ

"ಮಧ್ಯಾಹ್ನ ಊಟದ ಗಂಟೆ ಹೊಡೆಯೋ ಹೊತ್ತಿಗೆ ನಿಮ್ಮಕ್ಕನ ಅಮಾನತಿಗೆ ಸಹಿ ಹಾಕ್ತೀನಿ. ಆಮೇಲೆ ಪೊಲೀಸರ ಕೆಲಸ," ಅಂದರು ಅಂಕಿಅಂಶದ ಮೇಡಂ.

ಅಂಗಡಿಗೆ ಹೋಗಿ ಸಾಬೂನು ತಾ ಎನ್ನುವ ಧಾಟಿಯಲ್ಲಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಪತ್ತೇದಾರನಾದವನು ಸಿಟ್ಟು ಮಾಡಿಕೊಳ್ಳಬಾರದು ಅಂತಾರೆ. ಹಾಗನ್ನುವವರಿಗೆ ಬಹುಶಃ ಅಕ್ಕಂದಿರು ಇರುವುದಿಲ್ಲ.

ಹಿಂದಿನದನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ: ಐದೇ ಶಾಲೆಗಳ ನಮ್ಮ ಬಡ ವಲಯ ಈ ಸಲದ ಪರೀಕ್ಷೆಯಲ್ಲಿ ಇಡೀ ರಾಜ್ಯವನ್ನು ಹಿಂದೆ ಹಾಕಿತ್ತು, ಮಕ್ಕಳ ಉತ್ತರಗಳನ್ನು ಯಾರೋ ರಬ್ಬರಿನಿಂದ ಅಳಿಸಿ ತಿದ್ದಿದ್ದಾರೆಂದು ರಾಜ್ಯದ ಯಂತ್ರ ಪತ್ತೆ ಹಚ್ಚಿತ್ತು, ಆ ಉತ್ತರ ಪತ್ರಿಕೆಗಳು ರಾಜ್ಯಕ್ಕೆ ಹೋಗುವ ಮುಂಚೆ ಮುಖ್ಯೋಪಾಧ್ಯಾಯಿನಿಯಾದ ನನ್ನಕ್ಕನ ಮನೆಯಲ್ಲಿದ್ದವು.

ಮೇಡಂ ರಾಜ್ಯದ ಪರೀಕ್ಷಾ ಕಚೇರಿಯವರು. ಶಾಲೆಯ ವಿಜ್ಞಾನದ ಕೋಣೆಯಲ್ಲೇ ಬಿಡಾರ ಹೂಡಿದ್ದರು. ಗಾಜಿನ ಕೊಳವೆ, ಸ್ಪಿರಿಟ್ ದೀಪಗಳನ್ನೆಲ್ಲ ಒಂದು ಮೂಲೆಗೆ ಸರಿಸಿ, ಆಸಿಡ್ಡಿನ ಕಲೆಗಳಿದ್ದ ಉದ್ದನೆಯ ಮೇಜಿನ ತುಂಬ ತಮ್ಮ ಹಾಳೆಗಳನ್ನು ಹರಡಿಕೊಂಡಿದ್ದರು. ಅವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಒಂದು ಜಗಳವಾದರೂ ಆಡಬಹುದಿತ್ತು.

ಅವರ ಲೆಕ್ಕಾಚಾರ ಸರಳವಾಗಿತ್ತು. ಸತತವಾಗಿ ಮೂರು ವರ್ಷ ರಾಜ್ಯದ ಸರಾಸರಿಗಿಂತ ಕೆಳಗಿಳಿದ ವಲಯವನ್ನು ಪಕ್ಕದ ದೊಡ್ಡ ವಲಯಕ್ಕೆ ಸೇರಿಸಿ, ಅದರ ಶಾಲೆಗಳಿಗೆ ಬೀಗ ಹಾಕುತ್ತಾರೆ. ನಾವು ಎರಡು ವರ್ಷ ಕೆಳಗಿದ್ದೆವು. ಮೂರನೇ ವರ್ಷ ಏಕಾಏಕಿ ನೆಗೆದು ರಾಜ್ಯದ ತಲೆಯ ಮೇಲೆ ಕೂತೆವು. ಕುಂಟುತ್ತಿದ್ದವನು ಓಟದಲ್ಲಿ ಮೊದಲು ಬಂದರೆ ಚಪ್ಪಾಳೆ ತಟ್ಟುವ ಮುಂಚೆ ಅವನು ಬಂದ ದಾರಿ ನೋಡಬೇಕು ಎಂದು ಮೇಡಂ ಮೊದಲ ದಿನವೇ ಹೇಳಿದ್ದರು.

ದಾರಿ ನೇರವಾಗಿ ನಮ್ಮಕ್ಕನ ಮನೆಗೆ ಹೋಗುತ್ತಿತ್ತು. ವಲಯದ ಕಚೇರಿಯ ಕಿಟಕಿಗಳಿಗೆ ಚಿಲಕವಿಲ್ಲ, ಬಾಗಿಲಿಗೆ ಭುಜ ತಗಲಿದರೆ ಸಾಕು, ತೆರೆದುಕೊಳ್ಳುತ್ತದೆ. ಹಾಗಾಗಿ ಶುಕ್ರವಾರ ಪರೀಕ್ಷೆ ಮುಗಿದ ಮೇಲೆ ಐದೂ ಶಾಲೆಗಳ ಉತ್ತರ ಪತ್ರಿಕೆಗಳು ಬಟ್ಟೆಯಲ್ಲಿ ಹೊಲಿದ ಕಟ್ಟುಗಳಾಗಿ ಈ ಶಾಲೆಯ ಮುಖ್ಯೋಪಾಧ್ಯಾಯರ ಮನೆಯ ಕಬ್ಬಿಣದ ಬೀರುವಿಗೆ ಬರುತ್ತವೆ. ಸೋಮವಾರ ರಾಜ್ಯದ ಗಾಡಿ ಬಂದು ಒಯ್ಯುತ್ತದೆ. ಅಕ್ಕನಿಗಿಂತ ಹಿಂದಿನವರ ಕಾಲದಿಂದಲೂ ಇದೇ ಪದ್ಧತಿ. ಕಚೇರಿಗಿಂತ ಮನೆ ಭದ್ರ ಎಂದು ಇಲ್ಲಿಯವರೆಲ್ಲ ನಂಬಿದ್ದಾರೆ. ಆ ಬೀರುವಿನ ಬೀಗದ ಕೈ ಅಡುಗೆಮನೆಯ ಮೊಳೆಯ ಮೇಲೆ, ಸೌಟಿನ ಪಕ್ಕ ನೇತಾಡುತ್ತಿರುತ್ತದೆ ಎನ್ನುವುದನ್ನು ಯಾರೂ ಯೋಚಿಸಿರಲಿಲ್ಲ.

ನನ್ನನ್ನು ಕರೆಸಿದ್ದು ಅಪ್ಪ. ಫೋನು ಮಾಡಿ, ಅವಳು ಮಾಡಿಲ್ಲ, ಅದು ನನಗೆ ಗೊತ್ತು, ನೀನು ಬಂದು ಅದನ್ನ ತೋರಿಸಿಕೊಡು ಎಂದರು. ಅಪ್ಪ ಇದೇ ಶಾಲೆಯಲ್ಲಿ ಲೆಕ್ಕ ಕಲಿಸುತ್ತಲೇ ತಲೆ ನರೆಸಿ ನಿವೃತ್ತರಾದವರು. ಅಮ್ಮ ಹೋದ ಮೇಲೆ ಅಕ್ಕನ ಜೊತೆಗೇ ಇದ್ದಾರೆ. ಮದುವೆ ಬೇಡವೆಂದು ಶಾಲೆಯನ್ನೇ ಕಟ್ಟಿಕೊಂಡ ಮಗಳೆಂದರೆ ಅವರಿಗೆ ಪಂಚಪ್ರಾಣ. ಅವಳ ಕೈಗೆ ಬೇಡಿ ಬಿದ್ದರೆ ಅಪ್ಪ ಆ ವಾರ ದಾಟುವುದಿಲ್ಲ ಎಂಬ ಭಯ ನನಗಿತ್ತು. ಅಕ್ಕನಿಲ್ಲದ ಆ ಮನೆಯನ್ನು ನೆನೆದರೇ ನನಗೆ ಕಣ್ಣು ಕತ್ತಲೆ ಬರುತ್ತಿತ್ತು.

ನನ್ನ ಗುಮಾನಿಯೆಲ್ಲ ವಲಯದ ಅಧಿಕಾರಿಯ ಮೇಲಿತ್ತು. ಶಾಲೆಗಳು ಮುಚ್ಚಿದರೆ ಮೊದಲು ಹೋಗುವುದು ಅವರ ಕುರ್ಚಿ. ಜನ ಅವರನ್ನು 'ದೊಡ್ಡ ಸಾಹೇಬರು' ಎನ್ನುತ್ತಾರೆ. ಹೊಟ್ಟೆ ನೋಡಿ ಹಾಗನ್ನುತ್ತಾರೋ ಹುದ್ದೆ ನೋಡಿಯೋ ನನಗೆ ತಿಳಿಯದು. ಆದರೆ ಗುಮಾನಿಯನ್ನು ಇಟ್ಟುಕೊಂಡು ಏನು ಮಾಡಲಿ? ಮೇಡಂಗೆ ಪುರಾವೆ ಬೇಕು.

"ಆ ನಕ್ಷೆ ಇನ್ನೊಂದು ಸಲ ನೋಡ್ತೀನಿ," ಎಂದೆ.

ಮೇಡಂ ನಕ್ಷೆಯನ್ನು ನನ್ನ ಕಡೆ ತಳ್ಳಿದರು. ಒಂದೊಂದು ಪ್ರಶ್ನೆಗೂ ಎರಡೆರಡು ಕಂಬ. ಕಂದು ಬಣ್ಣದ್ದು ರಾಜ್ಯ, ನೀಲಿ ನಾವು. ನೀಲಿ ಕಂಬಗಳು ಉದ್ದಕ್ಕೂ ಕಂದಿನ ತಲೆ ಮೆಟ್ಟಿಕೊಂಡು ನಿಂತಿದ್ದವು. ನಮ್ಮ ಮಕ್ಕಳಿಗೆ ಗುಣಾಕಾರ ಬರುತ್ತದೆ, ಭಿನ್ನರಾಶಿ ಬರುತ್ತದೆ, ರಾಜ್ಯವೆಲ್ಲ ತಡವರಿಸಿದ ಕೋನಗಳೂ ಬರುತ್ತವೆ. ನೋಡುತ್ತ ಹೋದರೆ ನನಗೇ ಹೆಮ್ಮೆಯಾಗುತ್ತಿತ್ತು, ಸುಳ್ಳೆಂದು ಗೊತ್ತಿದ್ದೂ.

ಒಂದು ಕಡೆ ಮಾತ್ರ ನೀಲಿ ಕಂಬ ಕುಸಿದುಹೋಗಿತ್ತು. ಹದಿನೇಳನೇ ಪ್ರಶ್ನೆ. ರಾಜ್ಯದಲ್ಲಿ ದಡ್ಡರೂ ಸರಿ ಮಾಡಿದ ಪ್ರಶ್ನೆ ಅದು. ನಮ್ಮಲ್ಲಿ ಹೆಚ್ಚುಕಡಿಮೆ ಒಬ್ಬರೂ ಸರಿ ಮಾಡಿಲ್ಲ.

ಇದೇನು ಎಂದು ಕೇಳಿದೆ. ಅದೊಂದು ವಿಚಿತ್ರ ಎಂದರು ಮೇಡಂ. ಬೇರೆ ಪ್ರಶ್ನೆಗಳಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದಾರೆ. ಹದಿನೇಳರಲ್ಲಿ ಮಾತ್ರ ಮಕ್ಕಳು ಬರೆದಿದ್ದ ಸರಿ ಉತ್ತರವನ್ನೇ ಅಳಿಸಿ ತಪ್ಪು ತುಂಬಿದ್ದಾರೆ. ಐದೂ ಶಾಲೆಗಳಲ್ಲಿ ಅದೇ ಕಥೆ. ಅವಸರದಲ್ಲಿ ಕೈ ತಪ್ಪಿರಬೇಕು ಎಂದು ಅವರು ಅದನ್ನು ಬದಿಗಿಟ್ಟಿದ್ದರು.

ಕೈ ತಪ್ಪಿದರೆ ಒಂದು ಸಲ ತಪ್ಪೀತು, ಎರಡು ಸಲ ತಪ್ಪೀತು. ಐದು ಶಾಲೆಯ ಮಕ್ಕಳೆಲ್ಲರ ಹಾಳೆಯಲ್ಲೂ ತಪ್ಪುತ್ತದೆಯೇ? ಕದಿಯಲು ಬಂದ ಕಳ್ಳ ತನ್ನ ಜೇಬಿನಲ್ಲಿದ್ದದ್ದನ್ನೂ ಬಿಟ್ಟು ಹೋದ ಹಾಗಿತ್ತು ಇದು. ಮೇಡಂ ಬಳಿ ಸರಿ ಉತ್ತರಗಳ ಪಟ್ಟಿಯಿತ್ತು, ಪ್ರಶ್ನೆ ಪತ್ರಿಕೆ ಇರಲಿಲ್ಲ. ಅವರಿಗೆ ಸಂಖ್ಯೆ ಸಾಕು. ಪ್ರಶ್ನೆ ಏನೆಂದು ಓದುವ ಗೋಜಿಗೇ ಅವರು ಹೋಗಿರಲಿಲ್ಲ.

ಶಿಕ್ಷಕರ ಕೊಠಡಿಗೆ ಓಡಿದೆ. ಅಲ್ಲಿ ಚಿತ್ರಕಲೆಯ ಮೇಷ್ಟ್ರು ಒಬ್ಬರೇ ಕೂತು ಕುಂಚ ತೊಳೆಯುತ್ತಿದ್ದರು. ಅವರ ಗೂಡಿನಲ್ಲಿ ಪ್ರಶ್ನೆ ಪತ್ರಿಕೆಯ ಒಂದು ಪ್ರತಿ ಸಿಕ್ಕಿತು.

ಲೆಕ್ಕ ಹೀಗಿತ್ತು. ಒಂದು ನಲ್ಲಿ ಬಿಟ್ಟರೆ ತೊಟ್ಟಿ ತುಂಬಲು ಆರು ಗಂಟೆ ಬೇಕು. ಅಂಥ ಮೂರು ನಲ್ಲಿ ಬಿಟ್ಟರೆ ಎಷ್ಟು ಗಂಟೆ? ಇದಕ್ಕೆ ನಾನೇ ಸಾಕು, ಎರಡು ಗಂಟೆ. ಮೇಡಂ ತೋರಿಸಿದ್ದ ಪ್ರಕಾರ ನಮ್ಮ ವಲಯದ ಹಾಳೆಗಳಲ್ಲೂ ತಿದ್ದಿ ತುಂಬಿದ್ದದ್ದು ಎರಡು. ಹಾಗಿದ್ದ ಮೇಲೆ ರಾಜ್ಯ ಯಾಕೆ ಅದನ್ನು ತಪ್ಪು ಅನ್ನುತ್ತದೆ?

ಚಿತ್ರಕಲೆಯ ಮೇಷ್ಟ್ರನ್ನು ಕೇಳಿದ್ದೇ ತಡ, ಅವರು ರಾಜ್ಯದವರಿಗೆ ಹಿಡಿಶಾಪ ಹಾಕತೊಡಗಿದರು. ಪ್ರಶ್ನೆಯ ಜೊತೆ ಅಚ್ಚಾದ ಚಿತ್ರದಲ್ಲಿ ಎರಡೇ ನಲ್ಲಿ ಇದ್ದವು, ಬರೆದದ್ದು ಮಾತ್ರ ಮೂರು. ಅಚ್ಚಿನ ಮನೆಯವರು ಮಾಡಿದ ಎಡವಟ್ಟು. ರಾಜ್ಯದವರಿಗೆ ಬುದ್ಧಿ ಬಂದದ್ದು ಪರೀಕ್ಷೆ ಶುರುವಾದ ಮೇಲೆ. ಮೂರು ಅಂತ ಇರೋದನ್ನ ಎರಡು ನಲ್ಲಿ ಅಂತ ತಿದ್ದಿಕೊಳ್ಳಿ ಎಂದು ಎಲ್ಲ ಕಡೆಗೂ ಫೋನು ಬಂತು. ಇಲ್ಲಿ ಅಕ್ಕನೇ ಕೋಣೆಯಿಂದ ಕೋಣೆಗೆ ಓಡಿ ಕರಿಹಲಗೆಯ ಮೇಲೆ ಬರೆದಳು. ಉಳಿದ ನಾಲ್ಕು ಶಾಲೆಗಳಿಗೆ ದೊಡ್ಡ ಸಾಹೇಬರು ಖುದ್ದಾಗಿ ಗಾಡಿಯಲ್ಲಿ ಹೋಗಿ ಹೇಳಿ ಬಂದರು. ಮಕ್ಕಳಿಗೆ ಎಷ್ಟು ಗಲಿಬಿಲಿ ಆಯ್ತು ಗೊತ್ತಾ ಎಂದು ಮೇಷ್ಟ್ರು ಕುಂಚವನ್ನು ಜೋರಾಗಿ ಕೊಡವಿದರು. ನನ್ನ ಅಂಗಿಯ ಮೇಲೆ ಹಸಿರು ಬಣ್ಣ ಸಿಡಿಯಿತು. ಅದನ್ನು ಒರೆಸಿಕೊಳ್ಳುವ ವ್ಯವಧಾನವೂ ನನಗಿರಲಿಲ್ಲ.

ಎರಡು ನಲ್ಲಿಯಾದರೆ ಉತ್ತರ ಮೂರು ಗಂಟೆ. ಪರೀಕ್ಷೆಯ ಕೋಣೆಯಲ್ಲಿದ್ದವರಿಗೆಲ್ಲ ಅದು ಗೊತ್ತು. ಉತ್ತರ ತಿದ್ದಿದವನಿಗೆ ಗೊತ್ತಿಲ್ಲ. ಅವನು ಅಚ್ಚಾದ ಪತ್ರಿಕೆ ನೋಡಿ, ಮಕ್ಕಳು ಸರಿಯಾಗಿ ಬರೆದ ಮೂರನ್ನು ಅಳಿಸಿ ಎರಡು ತುಂಬಿದ್ದಾನೆ. ಅಂದರೆ ಆ ಬೆಳಗ್ಗೆ ಅವನು ಯಾವ ಶಾಲೆಯಲ್ಲೂ ಇರಲಿಲ್ಲ.

ಇಷ್ಟು ಚಿಕ್ಕ ವಲಯದಲ್ಲಿ ಪರೀಕ್ಷೆಯ ದಿನ ಆಟದ ಮೇಷ್ಟ್ರನ್ನೂ ಬಿಡುವುದಿಲ್ಲ, ಎಲ್ಲರಿಗೂ ಕೋಣೆ ಕಾಯುವ ಕೆಲಸ. ನನ್ನ ಗುಮಾನಿಯ ದೊಡ್ಡ ಸಾಹೇಬರು ತಾವೇ ಸುದ್ದಿ ಹೊತ್ತು ತಿರುಗಿದ್ದರು. ಪಾಪ, ಅವರ ಹೊಟ್ಟೆಯ ಬಗ್ಗೆ ನಾನಾಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುತ್ತೇನೆ. ಇನ್ನು ಅಕ್ಕ? ಅವಳ ಕೈಯಲ್ಲೇ ಸೀಮೆಸುಣ್ಣವಿತ್ತು.

ನನ್ನಕ್ಕ ಉಳಿದಳು. ಆ ಉದ್ದನೆಯ ಮೊಗಸಾಲೆಯಲ್ಲಿ ನಾನು ಓಡಿದ ಓಟ ನೋಡಿ ಏಳನೇ ತರಗತಿಯವರು ಕಿಟಕಿಗೆ ಮುತ್ತಿಕೊಂಡು ನಕ್ಕರು. ನಗಲಿ ಬಿಡಿ ಎಂದುಕೊಂಡೆ.

ಅಕ್ಕ ತನ್ನ ಕೋಣೆಯಲ್ಲಿ ಮೇಜನ್ನು ಖಾಲಿ ಮಾಡುತ್ತಿದ್ದಳು. ಗೋಡೆಯ ಫೋಟೊ, ಕೈಗಂಟೆ, ಕೆಂಪು ಶಾಯಿಯ ಬಾಟಲಿ ಎಲ್ಲ ಒಂದು ರಟ್ಟಿನ ಡಬ್ಬದೊಳಗೆ ಹೋಗಿದ್ದವು. ಕಣ್ಣು ಊದಿಕೊಂಡಿತ್ತು. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗ ಇಡೀ ರಾತ್ರಿ ಎಚ್ಚರವಿದ್ದು ಬೆಳಿಗ್ಗೆ ಇದೇ ಮುಖ ಹೊತ್ತು ಶಾಲೆಗೆ ಹೋಗುತ್ತಿದ್ದಳು.

ಬಾಗಿಲು ಹಾಕು ಎಂದಳು. ಹಾಕಿದೆ.

"ಪುಟ್ಟ, ನೀನು ಇನ್ನು ಊರಿಗೆ ಹೋಗು. ತಿದ್ದಿದ್ದು ನಾನೇ."

"ಏನಂದೆ?"

"ನಾನೇ ಕಣೋ. ಶಾಲೆ ಮುಚ್ಚಿದ್ರೆ ಈ ಮಕ್ಕಳು ಎರಡೆರಡು ಬಸ್ಸು ಹತ್ತಿ ಹೋಗಬೇಕು. ಅರ್ಧ ಜನ ಓದೋದನ್ನೇ ಬಿಡ್ತಾರೆ. ನೋಡೋಕಾಗಲಿಲ್ಲ. ಶನಿವಾರ ಭಾನುವಾರ ಕೂತು ಎಲ್ಲಾ ತಿದ್ದಿದೆ. ಮೇಡಂಗೂ ಹಾಗೇ ಬರೆದುಕೊಡ್ತೀನಿ."

ಮುಖ ನೋಡಿ ಹೇಳಲಿಲ್ಲ, ಡಬ್ಬ ನೋಡುತ್ತ ಹೇಳಿದಳು. ಸುಳ್ಳು ಹೇಳುವುದು ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದ ವಿದ್ಯೆ. ಅಕ್ಕನಿಗೆ ಅದು ಯಾವತ್ತೂ ಒಲಿದದ್ದಿಲ್ಲ.

"ಆಯ್ತು," ಎಂದೆ. "ಹದಿನೇಳನೇ ಪ್ರಶ್ನೆಗೆ ಏನು ತುಂಬಿದೆ?"

"ಯಾವುದು, ಆ ತೊಟ್ಟಿ ನಲ್ಲಿದಾ?"

"ಅದೇ."

"ಮೂರು ಗಂಟೆ."

ಯೋಚನೆ ಕೂಡ ಮಾಡಲಿಲ್ಲ. ನಾನು ಜೋರಾಗಿ ನಕ್ಕುಬಿಟ್ಟೆ. ಹೆಮ್ಮೆಯಿಂದಲೇ ನಕ್ಕೆ, ಮುಚ್ಚಿಡುವುದೇನು. ಹಾಳೆಗಳ ಮೇಲೆಲ್ಲ ಎರಡು ಅಂತಿದೆ, ನೀನು ತಿದ್ದಿದ್ದರೆ ಮೂರು ಅಂತಿರುತ್ತಿತ್ತು, ತಿದ್ದಿದವನು ಆವತ್ತು ಶಾಲೆಯ ಕಡೆ ತಲೆ ಹಾಕಿಲ್ಲ ಎಂದು ಮೇಜು ಬಡಿದು ಬಡಿದು ವಿವರಿಸಿದೆ. ಅವಳು ಅತ್ತು ಹಗುರಾಗುತ್ತಾಳೆ, ನನ್ನ ತಲೆ ಸವರುತ್ತಾಳೆ ಎಂದುಕೊಂಡಿದ್ದೆ.

ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ. ಹಿಂದಕ್ಕೆ ಸರಿದು ಕುರ್ಚಿ ಹುಡುಕಿ ಕೂತಳು.

"ಇದನ್ನ ಮೇಡಂಗೆ ಹೇಳಿದೀಯಾ?"

"ಇನ್ನೂ ಇಲ್ಲ. ಈಗ ಹೇಳ್ತೀನಿ."

"ಬೇಡ."

"ಬೇಡ ಅಂದ್ರೇನೇ? ನಿನಗೇನು ತಲೆ ಕೆಟ್ಟಿದೆಯಾ?"

ಅವಳು ನನ್ನ ಮಣಿಕಟ್ಟು ಹಿಡಿದಳು. ಉಗುರು ನಾಟಿತು. "ನಾನು ಹೋದ್ರೆ ನಾನೊಬ್ಬಳೇ ಹೋಗ್ತೀನಿ ಕಣೋ. ಕೈ ಮುಗೀತೀನಿ, ನಿನ್ನ ಜಾಣತನ ಇಲ್ಲಿಗೇ ಸಾಕು ಮಾಡು."

ಯಾರನ್ನೋ ಕಾಪಾಡುತ್ತಿದ್ದಾಳೆ ಎಂದು ಗೊತ್ತಾಯಿತು. ಯಾರೆಂದು ಯೋಚಿಸುವಷ್ಟು ನಾನು ನಿಲ್ಲಲಿಲ್ಲ. ಯಾವನೋ ದರಿದ್ರದವನು ಇವಳ ಒಳ್ಳೆಯತನ ನೋಡಿ ಇವಳ ತಲೆಗೆ ಕಟ್ಟಿದ್ದಾನೆ, ಇವಳು ಸುಮ್ಮನೆ ಹೊತ್ತುಕೊಂಡಿದ್ದಾಳೆ ಎಂದು ಸಿಟ್ಟು ನೆತ್ತಿಗೇರಿತು. ಹುಟ್ಟಿದಾಗಿನಿಂದ ಬೇರೆಯವರ ಹೊರೆ ಹೊರುವುದೇ ಇವಳಿಗೆ ಆಗಿದೆ. ಈ ಸಲ ನಾನು ಬಿಡುವುದಿಲ್ಲ ಎಂದುಕೊಂಡೆ. ಕೈ ಕೊಸರಿಕೊಂಡು ಬಾಗಿಲು ತೆರೆದು ಮೇಡಂ ಅವರನ್ನು ಕೂಗಿ ಕರೆದೆ.

ಮೇಡಂ ಅಮಾನತಿನ ಕಾಗದ ಹಿಡಿದುಕೊಂಡೇ ಬಂದರು. ನಾನು ಪ್ರಶ್ನೆ ಪತ್ರಿಕೆ ಮುಂದಿಟ್ಟು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದೆ. ಚಿತ್ರದಲ್ಲಿರುವ ಎರಡು ನಲ್ಲಿ, ಅಚ್ಚಾದ ಮೂರು, ಕರಿಹಲಗೆ, ಗಾಡಿ, ಈಗಷ್ಟೇ ಅಕ್ಕ ಹೇಳಿದ ಉತ್ತರ. ಅವರು ಪ್ರಶ್ನೆಯನ್ನು ಎರಡು ಸಲ ಓದಿದರು. ನಂತರ ಅಮಾನತಿನ ಕಾಗದವನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಹಾಕಿದರು.

"ಇದನ್ನ ನಾನು ನೋಡಬೇಕಾಗಿತ್ತು," ಎಂದರು. "ಒಪ್ಪಿದೆ. ನಿಮ್ಮಕ್ಕ ಮಾಡಿಲ್ಲ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಕ್ಕನ ಕಡೆ ನೋಡಿದೆ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಯಾರೋ ಹೊರಗಿನವನು ಮೇಡಂ," ಎಂದೆ. "ಇನ್ನೆರಡು ದಿನ ಕೊಡಿ, ಹಿಡಿದು ತರ್ತೀನಿ."

"ಹೊರಗಿನವನಾ?" ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೆರಡು ಹಾಳೆಯಲ್ಲ, ಐದು ಶಾಲೆಯವು. ಬಿಚ್ಚಿ, ತಿದ್ದಿ, ಮತ್ತೆ ಮೊದಲಿನ ಹಾಗೇ ಹೊಲಿದು ಇಟ್ಟಿದ್ದಾರೆ. ಮನೆಯೊಳಗೆ ನೆಮ್ಮದಿಯಾಗಿ ಕೂತು ಮಾಡಿದ ಕೆಲಸ. ಲೆಕ್ಕ ಚೆನ್ನಾಗಿ ಬರೋರು. ಪರೀಕ್ಷೆ ದಿನ ಶಾಲೆಗೆ ಬರದೇ ಇದ್ದೋರು. ಬೀಗದ ಕೈ ಎಲ್ಲಿರತ್ತೆ ಅಂತ ಗೊತ್ತಿರೋರು." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಿಮ್ಮಕ್ಕನ ಮನೇಲಿ ಇನ್ನು ಯಾರಿದ್ದಾರೆ?"

ನಾನು ಅಕ್ಕನ ಕಡೆ ತಿರುಗಿದೆ.

ನಾನೆಂಥ ಮುಟ್ಠಾಳ. ಎಲ್ಲರನ್ನೂ ಒಬ್ಬೊಬ್ಬರಾಗಿ ಬಿಡಿಸುತ್ತ ಬಿಡಿಸುತ್ತ ಕೊನೆಗೆ ಉಳಿದವರು ಯಾರೆಂದು ನೋಡಲೇ ಇಲ್ಲ. ಅಕ್ಕ ಬೇಡ ಎಂದಿದ್ದಳು. ಕೈ ಮುಗೀತೀನಿ ಎಂದಿದ್ದಳು. ಅವಳಿಗೆ ಮೊದಲೇ ಗೊತ್ತಿತ್ತು, ಹೇಗೆ ಗೊತ್ತಾಯಿತೋ, ಸೋಮವಾರ ಕಟ್ಟು ಎತ್ತಿಕೊಡುವಾಗ ಅಪ್ಪನ ಕೈಯ ಆ ಹೊಲಿಗೆ ನೋಡಿಯೇ ಗೊತ್ತಾಗಿರಬೇಕು. ನನಗೆ ನನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕು ಅನ್ನಿಸಿತು.

"ಯಾರೂ ಇಲ್ಲ ಮೇಡಂ," ಎಂದಳು ಅಕ್ಕ ಮುಖದಿಂದ ಕೈ ತೆಗೆದು. "ನಾನೇ ಮಾಡಿದ್ದು. ಆಗ ಎರಡು ಅಂತ ಬರೆದೆ, ಈಗ ಬಾಯಿ ತಪ್ಪಿ ಮೂರು ಅಂದೆ."

ಮೇಡಂ ಪ್ರಶ್ನೆ ಪತ್ರಿಕೆಯನ್ನು ಕೈಗೆತ್ತಿಕೊಂಡರು. ಅವರ ಮುಖದಲ್ಲಿ ಗೆಲುವೇನೂ ಕಾಣಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಊಟದ ಗಂಟೆ ಹೊಡೆಯಿತು. ಮೊಗಸಾಲೆಯ ತುಂಬ ಮಕ್ಕಳ ಕೂಗಾಟ, ಬೆಂಚು ಎಳೆದಾಟ. ಆ ಗದ್ದಲದ ನಡುವೆ ಒಂದು ನಿಧಾನವಾದ ಚಪ್ಪಲಿ ಸದ್ದು ಬಾಗಿಲವರೆಗೆ ಬಂದು ನಿಂತಿತು.

ಅಪ್ಪ ನಿಂತಿದ್ದರು. ಕೈಯಲ್ಲಿ ಅಕ್ಕನ ಊಟದ ಡಬ್ಬಿ. ಮಕ್ಕಳು ದಾರಿ ಬಿಟ್ಟು, ನಮಸ್ಕಾರ ಮೇಷ್ಟ್ರೇ ಎಂದು ಕೂಗುತ್ತಿದ್ದರು. ಅವರು ಒಬ್ಬೊಬ್ಬರಿಗೂ ತಲೆಯಾಡಿಸುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು. ಏನಾಯ್ತೋ ಎಂದು ಕಣ್ಣಲ್ಲೇ ಕೇಳಿದರು.

"ಅಪ್ಪ, ನೀವು ಮನೆಗೆ ನಡೀರಿ," ಎಂದಳು ಅಕ್ಕ. "ಈಗಲೇ."

"ಡಬ್ಬಿ ಕೊಟ್ಟು ಹೋಗ್ತೀನಮ್ಮ."

"ಮೇಷ್ಟ್ರೇ, ಒಂದು ನಿಮಿಷ," ಎಂದರು ಮೇಡಂ. ದನಿಯಲ್ಲಿ ಮರ್ಯಾದೆಯಿತ್ತು. "ನೀವು ಲೆಕ್ಕದವರಂತೆ. ನಿಮ್ಮ ಮಗನಿಗೂ ನನಗೂ ಈ ಹದಿನೇಳನೇ ಪ್ರಶ್ನೆ ಬಗ್ಗೆ ಚರ್ಚೆ ನಡೀತಿದೆ. ನಲ್ಲಿ ಲೆಕ್ಕ. ಉತ್ತರ ಎಷ್ಟು ಅಂತೀರಿ?"

ಪತ್ರಿಕೆಯನ್ನು ಮುಂದೆ ಚಾಚಿದರು. ನಾನು ಅಪ್ಪ ಎಂದು ಕರೆಯಬೇಕೆಂದುಕೊಂಡೆ. ಲೆಕ್ಕ ಕೇಳಿದರೆ ಉಣ್ಣುವ ತಟ್ಟೆ ಬಿಟ್ಟು ಏಳುವ ಮನುಷ್ಯ ಅವರು. ಪತ್ರಿಕೆ ತೆಗೆದುಕೊಳ್ಳಲಿಲ್ಲ, ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನಕ್ಕರು.

"ಅದಕ್ಕೆ ಚರ್ಚೆ ಯಾಕಮ್ಮ, ಎರಡು ಗಂಟೆ. ಚಿತ್ರ ನೋಡಿ ಮೋಸ ಹೋಗಬಾರದು, ಬರೆದಿರೋದನ್ನ ಓದಬೇಕು. ಸುಲಭದ ಲೆಕ್ಕ. ಆದ್ರೂ ನೋಡಿ, ಎಲ್ಲಾ ಮಕ್ಕಳೂ ಅಲ್ಲೇ ಎಡವಿದ್ದಾರೆ."

ಹೊರಗೆ ಮಕ್ಕಳು ಅಂಗಳಕ್ಕೆ ಇಳಿದು ಹೋಗಿದ್ದರು. ಕೋಣೆಯಲ್ಲಿ ಅಕ್ಕ ಬಿಕ್ಕಿದ್ದು ಕೇಳಿಸಿತು.

"ಅವರೆಲ್ಲ ಏನು ಬರೆದಿದ್ರು ಅಂತ ನಿಮಗೆ ಹೇಗೆ ಗೊತ್ತಾಯ್ತು, ಮೇಷ್ಟ್ರೇ?" ಎಂದು ಮೇಡಂ ಮೆಲ್ಲಗೆ ಕೇಳಿದರು.

ಅಪ್ಪ ಅವರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದರು.